ತುರಿ ನಿಂತ ಮೇಲೂ ಮದ್ದು ಯಾಕೆ ಹಚ್ಚಬೇಕು

ಕೇರಳಕ್ಕೆ ಸೇರಿದ ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಅಡಿಕೆ ಬೆಳೆಗಾರರಿಗೆ ಕೊಳೆರೋಗದ ಪಾಠ ಯಾರೂ ಹೇಳಿಕೊಡಬೇಕಿಲ್ಲ. ಮಳೆ ಹಿಡಿಯುವ ಮೊದಲು ಒಂದು ಸಲ ಗೊನೆಗೆ ಬೋರ್ಡೋ ದ್ರಾವಣ ಬಿಡಬೇಕು. 40-45 ದಿನ ಕಳೆದ ಮೇಲೆ ಇನ್ನೊಂದು ಸಲ. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ಗೊನೆ ಚೆನ್ನಾಗಿಯೇ ಉಂಟಲ್ಲ, ಇನ್ಯಾಕೆ ಖರ್ಚು ಎಂದು ಎರಡನೇ ಮದ್ದು ತಪ್ಪಿಸಿದವರು ಆಟಿ ತಿಂಗಳಲ್ಲಿ ಮರದ ಬುಡದಿಂದ ಕೊಳೆತ ಎಳೆ ಅಡಿಕೆ ಹೆಕ್ಕುತ್ತಾರೆ.

ಅದೇ ಬೆಳೆಗಾರರು ತೊಡೆಸಂದಿಯ ಹುಳುಕಡ್ಡಿಗೆ ಮದ್ದು ಕೇಳಿಕೊಂಡು ನನ್ನ ಮದ್ದಿನಂಗಡಿಗೆ ಬಂದಾಗ ಈ ಲೆಕ್ಕ ಮರೆತೇಹೋಗಿರುತ್ತದೆ. ಒಂದು ಸಣ್ಣ ಟ್ಯೂಬ್ ತೆಗೆದುಕೊಂಡು ಹೋಗುತ್ತಾರೆ. ಐದು ದಿನ ಹಚ್ಚುತ್ತಾರೆ. ತುರಿ ನಿಲ್ಲುತ್ತದೆ, ಟ್ಯೂಬ್ ಕಪಾಟಿನ ಮೂಲೆ ಸೇರುತ್ತದೆ. ಮೂರು ವಾರ ಬಿಟ್ಟು ಮತ್ತೆ ಬರುತ್ತಾರೆ. ಈ ಸಲ ಹೆಂಡತಿಗೂ ಉಂಟು, ಮಗನಿಗೂ ಉಂಟು. ಇದು ಅವರ ತಪ್ಪು ಅಂತ ನಾನು ಹೇಳುವುದಿಲ್ಲ. ಅಷ್ಟು ದಿನ ಯಾಕೆ ಹಚ್ಚಬೇಕು ಎಂದು ಅವರಿಗೆ ಯಾರೂ ಬಿಡಿಸಿ ಹೇಳಿಲ್ಲ, ಅಷ್ಟೆ.

ಹುಳುಕಡ್ಡಿ ಎಂಬ ಹೆಸರಿನಲ್ಲಿ ಹುಳ ಇದೆ, ರೋಗದಲ್ಲಿ ಇಲ್ಲ. ಮಳೆಗಾಲದಲ್ಲಿ ಚಪ್ಪಲಿ, ಬೆಲ್ಟಿನ ಮೇಲೆ ಬೂಷ್ಟು ಹಿಡಿಯುತ್ತದಲ್ಲ, ಅದರ ಜಾತಿಯದ್ದೇ ಒಂದು ಫಂಗಸ್ ಇದು. ಇದರ ಆಹಾರ ಕೆರಾಟಿನ್ ಎಂಬ ವಸ್ತು. ನಮ್ಮ ಚರ್ಮದ ಹೊರಪದರ, ಕೂದಲು, ಉಗುರು ಎಲ್ಲಾ ಅದರಿಂದಲೇ ಆದದ್ದು. ಹಾಗಾಗಿ ಈ ಫಂಗಸ್ ಸಾಮಾನ್ಯವಾಗಿ ಆಳಕ್ಕೆ ಇಳಿಯುವುದಿಲ್ಲ. ಮೇಲಿನ ಸತ್ತ ಪದರದಲ್ಲೇ ಕೂತು ಸುತ್ತಲೂ ಹರಡುತ್ತದೆ. ನಡುವಿನ ಚರ್ಮ ಸ್ವಲ್ಪ ತಿಳಿಯಾಗುತ್ತದೆ, ಅಂಚು ಮಾತ್ರ ಕೆಂಪಾಗಿ, ಸಣ್ಣ ಹೊಟ್ಟು ಏಳುತ್ತಾ ಉಬ್ಬಿರುತ್ತದೆ. ಉಂಗುರದ ಆಕಾರ ಬರುವುದು ಹೀಗೆ. ಫಂಗಸ್ ಜೋರಾಗಿ ಕೆಲಸ ಮಾಡುತ್ತಿರುವುದು ಆ ಅಂಚಿನಲ್ಲಿ. ಕಣ್ಣಿಗೆ ಕಾಣದಂತೆ ಅಂಚಿನಿಂದ ಸ್ವಲ್ಪ ಹೊರಗೂ ಅದು ಹೋಗಿರುತ್ತದೆ. ಆದ್ದರಿಂದ ಮದ್ದನ್ನು ಉಂಗುರದ ನಡುವೆ ಮಾತ್ರ ಒರೆಸಿದರೆ ಸಾಲದು. ಅಂಚಿನಿಂದ ಆಚೆ ಎರಡು ಸೆಂಟಿಮೀಟರ್, ಅಂದರೆ ಹೆಚ್ಚುಕಮ್ಮಿ ಒಂದು ಬೆರಳಿನ ಅಗಲದಷ್ಟು ಜಾಗಕ್ಕೂ ಹಚ್ಚಬೇಕು.

ಮದ್ದು ಏನು ಮಾಡುತ್ತದೆ? ನಮ್ಮ ಪ್ರತಿ ಜೀವಕೋಶದ ಸುತ್ತ ಒಂದು ತೆಳು ಪೊರೆ ಉಂಟು. ಅದು ಗಟ್ಟಿಯಾಗಿ ನಿಲ್ಲಲು ನಮಗೆ ಕೊಲೆಸ್ಟರಾಲ್ ಬೇಕು. ಫಂಗಸ್‌ಗೂ ಅಂಥದ್ದೇ ಪೊರೆ ಉಂಟು, ಆದರೆ ಅದರಲ್ಲಿ ಕೊಲೆಸ್ಟರಾಲ್ ಬದಲು ಎರ್ಗೋಸ್ಟರಾಲ್ ಎಂಬ ಬೇರೆ ವಸ್ತು. ನಮಗೂ ಫಂಗಸ್‌ಗೂ ಇರುವ ಈ ಸಣ್ಣ ವ್ಯತ್ಯಾಸವೇ ಮದ್ದಿಗೆ ಸಿಕ್ಕಿದ ದಾರಿ. ಕ್ಲೋಟ್ರಿಮಜೋಲ್, ಮೈಕೊನಜೋಲ್, ಲುಲಿಕೊನಜೋಲ್, ಇಟ್ರಾಕೊನಜೋಲ್, ಫ್ಲುಕೊನಜೋಲ್ ಎಲ್ಲಾ ಒಂದೇ ಮನೆತನದವು. ಎರ್ಗೋಸ್ಟರಾಲ್ ತಯಾರಾಗುವ ಒಂದು ಹಂತವನ್ನು ಇವು ತಡೆಯುತ್ತವೆ. ಟರ್ಬಿನಾಫಿನ್ ಅದಕ್ಕಿಂತ ಮೊದಲಿನ ಹಂತವನ್ನು ತಡೆಯುತ್ತದೆ. ಪೊರೆಗೆ ಬೇಕಾದ ಸಾಮಾನು ಸಿಗದೆ ಫಂಗಸ್ ಬಡವಾಗುತ್ತದೆ. ಬ್ಯಾಕ್ಟೀರಿಯಾದಲ್ಲಿ ಈ ಏರ್ಪಾಡೇ ಇಲ್ಲ. ಹಾಗಾಗಿ ಆಂಟಿಬಯೋಟಿಕ್ ಗುಳಿಗೆ ಹುಳುಕಡ್ಡಿಗೆ ಏನೂ ಮಾಡುವುದಿಲ್ಲ.

ತೋಟದವರಿಗೆ ಇನ್ನೊಂದು ವಿಷಯ. ಅಡಿಕೆಯ ಎಲೆಚುಕ್ಕಿ ರೋಗಕ್ಕೆ ಸಿಂಪಡಿಸುವ ಪ್ರೊಪಿಕೊನಜೋಲ್ ಕೂಡ ಈ ಮನೆತನದ್ದೇ, ಎರ್ಗೋಸ್ಟರಾಲನ್ನೇ ತಡೆಯುವಂಥದ್ದು. ಆದರೆ ಕೊಳೆರೋಗ ತರುವ ಫೈಟಾಫ್ತೊರಾ ನಿಜವಾದ ಫಂಗಸ್ ಅಲ್ಲ. ಅದಕ್ಕೆ ಸ್ವಂತ ಎರ್ಗೋಸ್ಟರಾಲ್ ಮಾಡಿಕೊಳ್ಳುವ ಕೆಲಸವೇ ಇಲ್ಲ, ಹಾಗಾಗಿ ಈ ಮದ್ದುಗಳು ಅದಕ್ಕೆ ತಾಗುವುದಿಲ್ಲ, ಬೋರ್ಡೋದಲ್ಲಿರುವ ತಾಮ್ರದಂಥ ಬೇರೆ ಮದ್ದು ಬೇಕು. ಎರಡೂ ನೋಡಲು ಫಂಗಸ್ ಹಾಗೇ ಇದ್ದರೂ ಮದ್ದು ಬೇರೆ ಬೇರೆ. ಮನುಷ್ಯರ ಮೈಮೇಲೂ ಹೀಗೇ. ಬಾಯಿಯೊಳಗೆ ಬಿಳಿ ಪದರ ಕಟ್ಟುವ ಸೋಂಕಿಗೆ ಕೊಡುವ ನಿಸ್ಟಾಟಿನ್ ಕ್ಯಾಂಡಿಡಾ ಎಂಬ ಫಂಗಸ್‌ಗೆ ಒಳ್ಳೆಯದು, ಹುಳುಕಡ್ಡಿಗೆ ಪ್ರಯೋಜನವಿಲ್ಲ. ಟರ್ಬಿನಾಫಿನ್ ಹುಳುಕಡ್ಡಿಯ ಫಂಗಸ್ಸನ್ನು ಕೊಲ್ಲಬಲ್ಲದು, ಕ್ಯಾಂಡಿಡಾದ ಮುಂದೆ ಅದರ ಬಲ ಕಡಿಮೆ.

ನಿಸ್ಟಾಟಿನ್ ಹೆಸರು ಬಂತಲ್ಲ, ಅದರ ಕತೆ ನನಗೆ ತುಂಬ ಇಷ್ಟ. 1950ರಲ್ಲಿ ಅದನ್ನು ಕಂಡುಹಿಡಿದವರು ಇಬ್ಬರು ಹೆಂಗಸರು, ಎಲಿಜಬೆತ್ ಹೇಜನ್ ಮತ್ತು ರೇಚಲ್ ಬ್ರೌನ್. ಇಬ್ಬರೂ ನ್ಯೂಯಾರ್ಕ್ ರಾಜ್ಯದ ಆರೋಗ್ಯ ಇಲಾಖೆಯವರು, ಆದರೆ ಒಬ್ಬರು ನ್ಯೂಯಾರ್ಕ್ ನಗರದಲ್ಲಿ, ಇನ್ನೊಬ್ಬರು ಆಲ್ಬನಿಯಲ್ಲಿ. ಹೇಜನ್ ಮಣ್ಣಿನಿಂದ ಸೂಕ್ಷ್ಮಜೀವಿಗಳನ್ನು ಬೆಳೆಸಿ, ಗಾಜಿನ ಜಾಡಿಯಲ್ಲಿ ಹಾಕಿ ಅಂಚೆಯಲ್ಲಿ ಕಳಿಸುತ್ತಿದ್ದರು. ಬ್ರೌನ್ ಅದರಿಂದ ಸಾರ ತೆಗೆದು ಮತ್ತೆ ಅಂಚೆಯಲ್ಲೇ ವಾಪಸ್ ಕಳಿಸುತ್ತಿದ್ದರು. ಹೀಗೆ ಅಂಚೆಯಲ್ಲಿ ಓಡಾಡಿ ಹುಟ್ಟಿದ ಮದ್ದು ಅದು. ಫಂಗಸ್‌ನ ಪೊರೆಗೆ ತೂತು ಮಾಡುವುದು ಅದರ ಕೆಲಸ. ನ್ಯೂಯಾರ್ಕ್ ಸ್ಟೇಟ್ ಎಂಬುದರಿಂದಲೇ ನಿಸ್ಟಾಟಿನ್ ಎಂಬ ಹೆಸರು. ಅದರಿಂದ ಬಂದ ಕೋಟಿಗಟ್ಟಲೆ ಹಣವನ್ನು ಇಬ್ಬರೂ ವಿಜ್ಞಾನದ ಕೆಲಸಕ್ಕೇ ಬಿಟ್ಟುಕೊಟ್ಟರು.

ಈಗ ದಿನಗಳ ಲೆಕ್ಕಕ್ಕೆ ಬರೋಣ. ಕ್ಲೋಟ್ರಿಮಜೋಲ್‌ನಂಥ ಕ್ರೀಮು ಫಂಗಸ್ಸನ್ನು ಬಡಿದು ಕೊಲ್ಲುವುದಕ್ಕಿಂತ ಜಾಸ್ತಿ, ಅದು ಬೆಳೆಯದಂತೆ ಹಿಡಿದಿಡುತ್ತದೆ. ಉಳಿದ ಕೆಲಸ ನಮ್ಮ ಚರ್ಮದ್ದು. ಚರ್ಮ ಕೆಳಗಿನಿಂದ ಹೊಸದಾಗಿ ಬರುತ್ತಾ ಮೇಲಿನ ಹಳೇ ಪದರವನ್ನು ಉದುರಿಸುತ್ತದೆ. ಹೀಗೆ ಪೂರ್ತಿ ಬದಲಾಗಲು ಸುಮಾರು ನಾಲ್ಕು ವಾರ ಬೇಕು. ತುರಿ ನಿಲ್ಲುವುದು ಐದಾರು ದಿನದಲ್ಲಿ, ಫಂಗಸ್ ಕೂತ ಪದರ ಉದುರುವುದು ನಾಲ್ಕನೇ ವಾರದಲ್ಲಿ. ನಡುವೆ ಮದ್ದು ನಿಲ್ಲಿಸಿದರೆ ಹಿಡಿದಿಟ್ಟದ್ದು ಬಿಟ್ಟುಹೋಗುತ್ತದೆ. ಅದಕ್ಕೇ ನಾಲ್ಕು ವಾರ, ಕಲೆ ಪೂರ್ತಿ ಹೋದ ಮೇಲೂ ಇನ್ನೆರಡು ವಾರ ಎಂದು ಡಾಕ್ಟರು ಹೇಳುವುದು.

ಎಷ್ಟು ಹಚ್ಚಬೇಕು ಎಂಬುದಕ್ಕೆ ಸುಲಭದ ಅಳತೆ ಉಂಟು. ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಕ್ರೀಮನ್ನು ಒಂದು ಎಳೆ ಹಿಂಡಿ. ಅದು ಸುಮಾರು ಅರ್ಧ ಗ್ರಾಂ. ಬೆರಳು ಸೇರಿಸಿದ ಎರಡು ಅಂಗೈಯಷ್ಟು ಜಾಗಕ್ಕೆ ಅಷ್ಟು ಸಾಕು. ಎರಡೂ ತೊಡೆಸಂದಿ, ಸೊಂಟ ಸೇರಿ ನಾಲ್ಕು ಅಂಗೈಯಷ್ಟು ಹರಡಿದ್ದರೆ ಒಂದು ಹೊತ್ತಿಗೆ ಒಂದು ಗ್ರಾಂ, ದಿನಕ್ಕೆ ಎರಡು ಹೊತ್ತಾದರೆ ಎರಡು ಗ್ರಾಂ. 15 ಗ್ರಾಮಿನ ಟ್ಯೂಬ್ ಒಂದು ವಾರಕ್ಕೆ ಮುಗಿಯುತ್ತದೆ. ನಾಲ್ಕು ವಾರಕ್ಕೆ ನಾಲ್ಕು ಟ್ಯೂಬ್. ಒಂದು ಟ್ಯೂಬಿನಲ್ಲಿ ಎರಡು ತಿಂಗಳು ತಳ್ಳಿದೆ ಎಂದು ಯಾರಾದರೂ ಹೇಳಿದರೆ, ಅವರಿಗೆ ಯಾಕೆ ಗುಣವಾಗಲಿಲ್ಲ ಎಂದು ನಾನು ಬೇರೆ ಪ್ರಶ್ನೆ ಕೇಳಬೇಕಿಲ್ಲ.

ಇನ್ನು ನನಗೆ ನಿಜಕ್ಕೂ ಸಂಕಟವಾಗುವ ವಿಷಯ. ಆಂಟಿಬಯೋಟಿಕ್, ಫಂಗಸ್ ಮದ್ದು, ಸ್ಟಿರಾಯ್ಡ್ ಮೂರೂ ಸೇರಿದ ಕ್ರೀಮುಗಳು ಮಾರುಕಟ್ಟೆಯಲ್ಲಿ ಬೇಕಾದಷ್ಟಿವೆ. ಅಗ್ಗ. ಹಚ್ಚಿದ ರಾತ್ರಿಯೇ ತುರಿ ನಿಲ್ಲುತ್ತದೆ. "ಅಕ್ಕಾ, ನೀವು ಕೊಡುವುದು ಆಗುವುದಿಲ್ಲ, ಆ ಟ್ಯೂಬೇ ಕೊಡಿ" ಎಂದು ಕೇಳುವವರು ದಿನಾ ಇಬ್ಬರಾದರೂ ಇರುತ್ತಾರೆ. ತುರಿ ನಿಲ್ಲಿಸುವುದು ಅದರಲ್ಲಿರುವ ಸ್ಟಿರಾಯ್ಡ್. ತುರಿ, ಕೆಂಪು, ಉರಿ ಎಲ್ಲಾ ನಮ್ಮ ಮೈ ಫಂಗಸ್ ಮೇಲೆ ಮಾಡುವ ಹೋರಾಟದ ಗುರುತು. ಸ್ಟಿರಾಯ್ಡ್ ಆ ಹೋರಾಟವನ್ನೇ ಮಲಗಿಸುತ್ತದೆ. ಕಾವಲಿನ ನಾಯಿಯನ್ನು ಕಟ್ಟಿ ಬಾಯಿ ಮುಚ್ಚಿಸಿದ ಹಾಗೆ. ಮನೆ ಶಾಂತವಾಗಿರುತ್ತದೆ, ಕಳ್ಳ ಒಳಗೇ ಇರುತ್ತಾನೆ. ಕೆಲವು ವಾರದಲ್ಲಿ ಉಂಗುರದ ಆಕಾರವೇ ಅಳಿಸಿಹೋಗಿ, ಇಲ್ಲವೇ ಉಂಗುರದೊಳಗೆ ಉಂಗುರ ಎದ್ದು, ಸೊಂಟ, ಬೆನ್ನು, ಮುಖಕ್ಕೆ ಹರಡುತ್ತದೆ. ಆಗ ನೋಡಿದವರಿಗೆ ಇದು ಹುಳುಕಡ್ಡಿ ಎಂದು ಗುರುತು ಹಿಡಿಯುವುದೂ ಕಷ್ಟ.

ನನ್ನ ಚಿಕ್ಕಮ್ಮನ ಮಗ ಹಾಸ್ಟೆಲಿನಲ್ಲಿದ್ದಾಗ ಅಲ್ಲಿನ ಒಂದು ಅಂಗಡಿಯಿಂದ ಇಂಥ ಟ್ಯೂಬ್ ತಂದು ಎಂಟು ತಿಂಗಳು ಹಚ್ಚಿದ್ದ. ನಾಚಿಕೆಗೆ ನನ್ನ ಹತ್ತಿರವೂ ಹೇಳಿರಲಿಲ್ಲ. ಕೊನೆಗೆ ಚರ್ಮದ ಡಾಕ್ಟರ ಹತ್ತಿರ ಹೋಗುವಾಗ ತೊಡೆಸಂದಿಯಲ್ಲಿ, ಹೆತ್ತ ಹೆಂಗಸರ ಹೊಟ್ಟೆಯ ಮೇಲೆ ಕಾಣುವಂಥ ಅಗಲ ಗೆರೆಗಳು ಬಂದಿದ್ದವು. ಫಂಗಸ್ ಮೂರು ತಿಂಗಳಲ್ಲಿ ಗುಣವಾಯಿತು. ಗೆರೆ ಈಗಲೂ ಉಂಟು, ಅದು ಹೋಗುವಂಥದ್ದಲ್ಲ.

ಟ್ಯೂಬಿನ ಮೇಲೆ ಸಣ್ಣ ಅಕ್ಷರದಲ್ಲಿ ಬರೆದದ್ದನ್ನು ಓದಲು ಕಲಿಯುವುದು ಒಳ್ಳೆಯದು. ನೀವು ಓದಲಾಗದಿದ್ದರೆ ಮಕ್ಕಳಿಂದ ಓದಿಸಿ. ಬೆಟಾಮೆಥಾಸೋನ್, ಬೆಕ್ಲೋಮೆಥಾಸೋನ್, ಮೊಮೆಟಾಸೋನ್ ಹೀಗೆ 'ಸೋನ್' ಎಂದು ಮುಗಿಯುವವು, ಮತ್ತೆ ಕ್ಲೋಬೆಟಾಸಾಲ್, ಇವೆಲ್ಲಾ ಸ್ಟಿರಾಯ್ಡ್. 'ಕೊನಜೋಲ್' ಎಂದು ಮುಗಿಯುವವು, ಮತ್ತೆ ಕ್ಲೋಟ್ರಿಮಜೋಲ್, ಟರ್ಬಿನಾಫಿನ್, ಇವು ಫಂಗಸ್ ಮದ್ದು. ಎರಡೂ ಒಂದೇ ಟ್ಯೂಬಿನಲ್ಲಿ ಕಂಡರೆ ಡಾಕ್ಟರು ಹೇಳದೆ ಹಚ್ಚಬೇಡಿ. 2018ರಲ್ಲಿ ಕೇಂದ್ರ ಸರಕಾರ 14 ಬಗೆಯ ಸ್ಟಿರಾಯ್ಡ್ ಕ್ರೀಮುಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ಆದರೂ ಸುಮ್ನೆ ಕೈಗೆ ಕೊಡುವ ಅಭ್ಯಾಸ ಹೋಗಿಲ್ಲ. ಮದ್ದಿನಂಗಡಿ ನಡೆಸುವವಳಾಗಿ ಇದನ್ನು ಬರೆಯುವಾಗ ನನಗೆ ಬೇಸರವಾಗುತ್ತದೆ.

ಹೀಗೆ ಅರ್ಧಂಬರ್ಧ ಮದ್ದು, ಮೇಲಿಂದ ಸ್ಟಿರಾಯ್ಡ್ ಸೇರಿ ನಮ್ಮ ದೇಶದಲ್ಲಿ ಹುಳುಕಡ್ಡಿಯ ಸ್ವಭಾವವೇ ಬದಲಾಗಿದೆ. ಈಗ ಜಾಸ್ತಿ ಕಾಣುವ ಫಂಗಸ್‌ಗೆ ವಿಜ್ಞಾನಿಗಳು 2020ರಲ್ಲಿ ಟ್ರೈಕೊಫೈಟಾನ್ ಇಂಡೋಟಿನಿಯೆ ಎಂದು ಹೆಸರಿಟ್ಟರು. ಹೆಸರಿನಲ್ಲೇ ನಮ್ಮ ದೇಶ ಉಂಟು. ಟರ್ಬಿನಾಫಿನ್ ಹಿಡಿಯುವ ಜಾಗದಲ್ಲೇ ಇದು ಬದಲಾವಣೆ ಮಾಡಿಕೊಂಡಿರುವುದರಿಂದ, ಮೊದಲು ಎರಡು ವಾರದಲ್ಲಿ ಗುಣ ಕೊಡುತ್ತಿದ್ದ ಆ ಮದ್ದು ಎಷ್ಟೋ ಜನರಿಗೆ ಈಗ ತಾಗುತ್ತಿಲ್ಲ. 2023ರಲ್ಲಿ ಇದು ಅಮೆರಿಕದಲ್ಲೂ ಕಂಡುಬಂದದ್ದು ವರದಿಯಾಯಿತು. ಹಾಗಾಗಿ ಹರಡಿದ ಹುಳುಕಡ್ಡಿಗೆ ಡಾಕ್ಟರು ಈಗ ಇಟ್ರಾಕೊನಜೋಲ್ ಕ್ಯಾಪ್ಸೂಲನ್ನು ವಾರಗಟ್ಟಲೆ ಕೊಡುವುದುಂಟು. ಅದನ್ನು ಹೊಟ್ಟೆ ತುಂಬ ಊಟ ಮಾಡಿದ ಮೇಲೆ ನುಂಗಬೇಕು. ಅದು ಕರಗಲು ಹೊಟ್ಟೆಯಲ್ಲಿ ಆಮ್ಲ ಬೇಕು. ಗ್ಯಾಸ್ಟ್ರಿಕ್ ಗುಳಿಗೆಯನ್ನು ಜೊತೆಗೇ ತಿಂದರೆ ಅರ್ಧ ಮದ್ದು ವ್ಯರ್ಥ. ಹೃದಯ ದುರ್ಬಲವಾಗಿರುವವರಿಗೆ ಅದು ಆಗುವುದಿಲ್ಲ, ಮೊದಲೇ ಹೇಳಬೇಕು.

ಅನುಮಾನ ಇದ್ದರೆ ಒಂದು ಸಣ್ಣ ಪರೀಕ್ಷೆ ಉಂಟು. ಉಂಗುರದ ಅಂಚಿನಿಂದ ಬ್ಲೇಡಿನ ಮೊಂಡು ಬದಿಯಲ್ಲಿ ಸ್ವಲ್ಪ ಹೊಟ್ಟು ಕೆರೆದು ಗಾಜಿನ ಮೇಲೆ ಉದುರಿಸುತ್ತಾರೆ. ನೋವಾಗುವುದಿಲ್ಲ. ಮೇಲಿಂದ ಒಂದು ಹನಿ ಕ್ಷಾರದ ದ್ರಾವಣ ಬಿಟ್ಟರೆ ಚರ್ಮದ ಹೊಟ್ಟು ಕರಗಿ ತಿಳಿಯಾಗುತ್ತದೆ, ಫಂಗಸ್ ಮಾತ್ರ ಕರಗದೆ ಉಳಿಯುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಗಂಟುಗಂಟಾದ ಕವಲೊಡೆದ ನೂಲಿನಂತೆ ಕಾಣುತ್ತದೆ. ಒಮ್ಮೆ ಲ್ಯಾಬಿನವರು ನನಗೂ ತೋರಿಸಿದ್ದರು. ಅದನ್ನು ನೋಡಿದ ಮೇಲೆ ಐದು ದಿನಕ್ಕೆ ಮದ್ದು ನಿಲ್ಲಿಸಲು ಯಾರಿಗೂ ಮನಸ್ಸು ಬರಲಿಕ್ಕಿಲ್ಲ.

ಮದ್ದು ಮಾತ್ರ ಸಾಲದು, ಬಟ್ಟೆಯೂ ಮುಖ್ಯ. ವರ್ಷಕ್ಕೆ 3000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಸುರಿಯುವ ಊರು ನಮ್ಮದು. ಜೂನ್, ಜುಲೈಯಲ್ಲಿ ಒಳ ಉಡುಪು ಜಗಲಿಯ ಹಗ್ಗದಲ್ಲಿ ಮೂರು ದಿನ ತೂಗಿದರೂ ಪಸೆ ಹೋಗುವುದಿಲ್ಲ. ಅಂಥದ್ದನ್ನು ಇಸ್ತ್ರಿ ಹಾಕಿ ಒಣಗಿಸಿಯೇ ಉಡಿ. ಒಂದು ಬೈರಾಸಿನಲ್ಲಿ ಮನೆಯವರೆಲ್ಲಾ ಮೈ ಒರೆಸುವುದು ನಿಲ್ಲಲಿ. ಉಡಿದಾರ ಇದ್ದರೆ ಗುಣವಾಗುವ ತನಕ ತೆಗೆದಿಡಿ, ಬೆವರು, ನೀರು ಹಿಡಿದ ನೂಲು ಫಂಗಸ್‌ಗೆ ಒಳ್ಳೆ ತಾವು. ಮನೆಯಲ್ಲಿ ಮೂವರಿಗೆ ಇದ್ದರೆ ಮೂವರೂ ಒಟ್ಟಿಗೇ ಮದ್ದು ಮಾಡಬೇಕು. ಮಕ್ಕಳ ತಲೆಯಲ್ಲಿ ಕೂದಲು ಉದುರಿ ಬಿಲ್ಲೆಯಂತೆ ಆಗಿದ್ದರೆ ಕ್ರೀಮು ಕೂದಲಿನ ಬುಡಕ್ಕೆ ಇಳಿಯುವುದಿಲ್ಲ, ಗುಳಿಗೆಯೇ ಬೇಕು. ಬೆನ್ನು, ಕುತ್ತಿಗೆಯಲ್ಲಿ ಬರುವ ಸಿಬ್ಬ ಬೇರೆಯೇ ಫಂಗಸ್. ಅದು ಸತ್ತ ಮೇಲೂ ಬಿಳಿ ಕಲೆ ಕೆಲವು ತಿಂಗಳು ಉಳಿಯುತ್ತದೆ, ಹೆದರಬೇಡಿ.

ಇನ್ನು ಹೆಂಗಸರ ವಿಷಯ. ಅಂಗಡಿಯಲ್ಲಿ ಜನ ಕಡಿಮೆಯಾಗುವ ತನಕ ಕಾದು, ಕೊಡೆ ಮಡಚುತ್ತಾ ಹತ್ತಿರ ಬಂದು, "ಅಕ್ಕಾ, ಬಿಳಿ ಹೋಗುತ್ತದೆ, ಒಂದು ಗುಳಿಗೆ ಕೊಡಿ" ಎಂದು ಮೆಲ್ಲ ಹೇಳುತ್ತಾರೆ. ಗಂಡಸರು ಕೌಂಟರಿನಲ್ಲಿ ಇದ್ದರೆ ಅದನ್ನೂ ಹೇಳದೆ ಒಂದು ತಲೆನೋವಿನ ಗುಳಿಗೆ ತೆಗೆದುಕೊಂಡು ವಾಪಸ್ ಹೋಗುವವರನ್ನು ನೋಡಿದ್ದೇನೆ. ನಾಚಿಕೆ ಪಡುವಂಥದ್ದು ಇದರಲ್ಲಿ ಏನೂ ಇಲ್ಲ. ನಾಲ್ವರು ಹೆಂಗಸರಲ್ಲಿ ಮೂವರಿಗೆ ಜೀವನದಲ್ಲಿ ಒಮ್ಮೆಯಾದರೂ ಯೋನಿಯ ಫಂಗಸ್ ಸೋಂಕು ಬರುತ್ತದೆ.

ಇದನ್ನು ತರುವುದು ಕ್ಯಾಂಡಿಡಾ. ಅದು ಹೊರಗಿನಿಂದ ಬಂದ ಶತ್ರು ಅಲ್ಲ. ಎಷ್ಟೋ ಹೆಂಗಸರ ಮೈಯಲ್ಲಿ ಸ್ವಲ್ಪ ಇದ್ದೇ ಇರುತ್ತದೆ. ಅಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾಗಳು ಅದನ್ನು ಹದ್ದುಬಸ್ತಿನಲ್ಲಿ ಇಟ್ಟಿರುತ್ತವೆ. ಬೇರೆ ಕಾಯಿಲೆಗೆ ಆಂಟಿಬಯೋಟಿಕ್ ತಿಂದಾಗ ಆ ಒಳ್ಳೆಯವೂ ಸಾಯುತ್ತವೆ, ಕ್ಯಾಂಡಿಡಾ ತಲೆ ಎತ್ತುತ್ತದೆ. ಬಸುರಿಯರಲ್ಲಿ, ಶುಗರ್ ಹತೋಟಿಯಲ್ಲಿ ಇಲ್ಲದವರಲ್ಲಿ ಜಾಸ್ತಿ. ಮೂತ್ರದಲ್ಲಿ ಸಕ್ಕರೆ ಹೊರಗೆ ಹಾಕುವ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಶುಗರ್ ಗುಳಿಗೆ ತಿನ್ನುವವರಿಗೂ ಬರುವುದುಂಟು, ಗಂಡಸರಿಗೂ. ಆ ಗುಳಿಗೆಯನ್ನು ಸ್ವಂತ ಬುದ್ಧಿಯಿಂದ ನಿಲ್ಲಿಸಬೇಡಿ, ಡಾಕ್ಟರಿಗೆ ಹೇಳಿ. ಮತ್ತೆ ಮತ್ತೆ ತುರಿ ಬರುತ್ತಿದ್ದರೆ ಶುಗರ್ ಪರೀಕ್ಷೆ ಮಾಡಿಸಿ. ಶುಗರ್ ಇರುವುದು ಗೊತ್ತಾಗಲು ಇದೇ ಮೊದಲ ಸುಳಿವಾಗಬಹುದು.

ಆದರೆ ಬಿಳಿ ಹೋಗುವುದೆಲ್ಲಾ ಫಂಗಸ್ ಅಲ್ಲ. ಇದನ್ನು ನಾನು ಎರಡೆರಡು ಸಲ ಹೇಳುತ್ತೇನೆ. ಕ್ಯಾಂಡಿಡಾ ಆದರೆ ತುರಿ, ಉರಿ ಜೋರು. ಹೋಗುವುದು ಒಡೆದ ಮೊಸರಿನ ಹಾಗೆ ದಪ್ಪ, ವಾಸನೆ ಹೆಚ್ಚುಕಮ್ಮಿ ಇಲ್ಲ. ತೆಳ್ಳಗೆ, ಬೂದು ಬಣ್ಣ, ಮೀನಿನ ವಾಸನೆ ಇದ್ದರೆ ಅದು ಬ್ಯಾಕ್ಟೀರಿಯಾದ ತೊಂದರೆ. ಹಳದಿ ಹಸಿರು, ನೊರೆ ನೊರೆ ಆಗಿದ್ದರೆ ಟ್ರೈಕೊಮೊನಾಸ್ ಎಂಬ ಪರಾವಲಂಬಿ ಇರಬಹುದು. ಆ ಎರಡಕ್ಕೂ ಫಂಗಸ್ ಮದ್ದು ಸುತರಾಂ ನಾಟುವುದಿಲ್ಲ. ತಿಂಗಳ ಕೆಲವು ದಿನ ತಿಳಿಯಾಗಿ ಹೋಗುವುದು ರೋಗವೇ ಅಲ್ಲ. ಮೊದಲ ಸಲ ಆಗಿದ್ದರೆ, ಬಸುರಿ ಇದ್ದರೆ, ಜ್ವರ, ಕಿಬ್ಬೊಟ್ಟೆ ನೋವು, ಹುಣ್ಣು, ರಕ್ತ ಕಂಡರೆ, ಮುಟ್ಟು ನಿಂತವರಾಗಿದ್ದರೆ ಅಂಗಡಿಗೆ ಬರುವ ಮೊದಲು ಡಾಕ್ಟರಿಗೆ ತೋರಿಸಿ. ಮುಟ್ಟು ನಿಂತ ಮೇಲೆ ಕ್ಯಾಂಡಿಡಾ ಕಡಿಮೆ, ಆ ತುರಿಗೆ ಬೇರೆ ಕಾರಣ ಇರುವುದೇ ಜಾಸ್ತಿ.

ಕ್ಯಾಂಡಿಡಾ ಎಂದು ಖಚಿತವಾದರೆ ದಾರಿ ಎರಡು. ಒಂದು, ಒಳಗೆ ಇಡುವ ಕ್ಲೋಟ್ರಿಮಜೋಲ್ ಗುಳಿಗೆ. 500 ಮಿಲಿಗ್ರಾಮಿನದ್ದಾದರೆ ಒಂದೇ ಸಲ, 100 ಮಿಲಿಗ್ರಾಮಿನದ್ದಾದರೆ ಆರೇಳು ರಾತ್ರಿ. ಇದನ್ನು ಬಾಯಿಗೆ ಹಾಕಿ ನುಂಗಿದವರೂ ಇದ್ದಾರೆ, ಹೇಗೆ ಇಡುವುದು ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಮಲಗುವ ಮೊದಲು ಕೈ ತೊಳೆದು, ಅಂಗಾತ ಮಲಗಿ ಮೊಣಕಾಲು ಮಡಚಿ, ಬೆರಳಿನಿಂದಲೋ ಜೊತೆಗೆ ಕೊಟ್ಟ ಕೊಳವೆಯಿಂದಲೋ ಎಷ್ಟು ಸಲೀಸಾಗಿ ಹೋಗುತ್ತದೋ ಅಷ್ಟು ಒಳಗೆ ಇಡಬೇಕು. ಬೆಳಿಗ್ಗೆ ಬಿಳಿ ಪುಡಿ ಸ್ವಲ್ಪ ಹೊರಗೆ ಬಂದರೆ ಗಾಬರಿ ಬೇಡ. ಮುಟ್ಟಿನ ದಿನಗಳಲ್ಲಿ ಮದ್ದು ಹರಿದುಹೋಗುತ್ತದೆ, ಮುಗಿದ ಮೇಲೆ ಶುರು ಮಾಡಿ. ಕಾಂಡೋಮ್ ಬಳಸುವವರು ಗಮನಿಸಿ, ಒಳಗೆ ಇಡುವ ಈ ಮದ್ದುಗಳಿಂದ ಅದರ ರಬ್ಬರ್ ಹಾಳಾಗಬಹುದು.

ಎರಡು, ನುಂಗುವ ಫ್ಲುಕೊನಜೋಲ್ 150 ಮಿಲಿಗ್ರಾಂ, ಒಂದೇ ಗುಳಿಗೆ. ಸುಲಭ, ಹಾಗಾಗಿ ಎಲ್ಲರೂ ಇದನ್ನೇ ಕೇಳುತ್ತಾರೆ. ಆದರೆ ಬಸುರಿಯರು ಇದನ್ನು ತಿನ್ನಬಾರದು. ಅವರಿಗೆ ಡಾಕ್ಟರು ಹೇಳಿದ ಹಾಗೆ ಏಳು ದಿನ ಒಳಗೆ ಇಡುವ ಮದ್ದೇ ಸರಿ. ಗ್ಲಿಮೆಪಿರೈಡ್‌ನಂಥ ಶುಗರ್ ಗುಳಿಗೆ ತಿನ್ನುವವರಿಗೆ ಇದರ ಜೊತೆ ಶುಗರ್ ತೀರ ಇಳಿಯಬಹುದು. ರಕ್ತ ತೆಳುವಾಗಲು ವಾರ್ಫರಿನ್ ತಿನ್ನುವವರಿಗೆ ರಕ್ತಸ್ರಾವದ ಭಯ. ಕೊಲೆಸ್ಟರಾಲ್ ಗುಳಿಗೆ ತಿನ್ನುವವರೂ ಹೇಳಿಯೇ ತೆಗೆದುಕೊಳ್ಳಬೇಕು. ಮೂರು ದಿನದಲ್ಲಿ ತುರಿ ಇಳಿಯಬೇಕು. ಒಂದು ವಾರದಲ್ಲೂ ಹೋಗದಿದ್ದರೆ ಮತ್ತೊಂದು ಗುಳಿಗೆ ನುಂಗುವುದಲ್ಲ, ತೋರಿಸುವುದು. ಫ್ಲುಕೊನಜೋಲ್‌ಗೆ ಸುಲಭವಾಗಿ ಬಗ್ಗದ ಕ್ಯಾಂಡಿಡಾ ಜಾತಿಗಳೂ ಇವೆ. ವರ್ಷದಲ್ಲಿ ಮೂರು ನಾಲ್ಕು ಸಲ ಬರುವವರಿಗೆ ವಾರಕ್ಕೊಂದು ಗುಳಿಗೆಯಂತೆ ಆರು ತಿಂಗಳ ಚಿಕಿತ್ಸೆ ಉಂಟು. ಗಂಡನಿಗೆ ಏನೂ ತೊಂದರೆ ಇಲ್ಲದಿದ್ದರೆ ಅವನಿಗೆ ಮದ್ದು ಬೇಕಾಗಿಲ್ಲ. ಸೋಪು, ಡೆಟಾಲ್ ನೀರು, ಉಪ್ಪುನೀರು ಹಾಕಿ ಒಳಗೆ ತೊಳೆಯಬೇಡಿ. ಕಾವಲಿಗಿದ್ದ ಒಳ್ಳೆಯ ಬ್ಯಾಕ್ಟೀರಿಯಾಗಳೂ ತೊಳೆದುಹೋಗುತ್ತವೆ.

ನಮ್ಮ ಕಡೆ ಮದ್ದಿನ ಡಬ್ಬಿಯ ಮೇಲೆ ಇರುವುದು ಇಂಗ್ಲಿಷ್. ಆಸ್ಪತ್ರೆಯ ಗೋಡೆಯ ಮೇಲೆ ಜಾಸ್ತಿ ಕಾಣುವುದು ಮಲಯಾಳ. ಕನ್ನಡ ಮಾತ್ರ ಓದಲು ಬರುವ ಅಜ್ಜಿಗೆ ಎರಡೂ ಒಂದೇ. ಅದಕ್ಕೆ ನಾನು ಪ್ರತಿ ಡಬ್ಬಿಯ ಮೇಲೆ ಪೆನ್ನಿನಲ್ಲಿ ದೊಡ್ಡದಾಗಿ ಕನ್ನಡದಲ್ಲಿ ಬರೆದುಕೊಡುತ್ತೇನೆ. 'ಬೆಳಿಗ್ಗೆ, ರಾತ್ರಿ. ಅಂಚಿನ ಹೊರಗೂ ಹಚ್ಚಿ.' ಕೆಳಗೆ ನಿಲ್ಲಿಸುವ ತಾರೀಕು. ಮೊನ್ನೆ ಜುಲೈಯಲ್ಲಿ ಒಬ್ಬ ಅಣ್ಣನಿಗೆ 'ಆಗಸ್ಟ್ 20ರ ತನಕ' ಎಂದು ಬರೆದುಕೊಟ್ಟೆ. ಅವರು ಡಬ್ಬಿ ತಿರುಗಿಸಿ ನೋಡಿ, "ಹಾಗಾದ್ರೆ ತೋಟಕ್ಕೆ ಎರಡನೇ ಬೋರ್ಡೋ ಬಿಟ್ಟು ಆದ ಮೇಲೂ ಉಂಟಲ್ಲ" ಎಂದರು. ಇನ್ನೂ ಮೂರು ಟ್ಯೂಬ್ ಕೇಳಿ ತೆಗೆದುಕೊಂಡು ಹೋದರು.